ಪಿಂಟೊ ಹೆಸರಿಗೆ ಕೋಟ್ ಆಫ್ ಆರ್ಮ್ಸ್ ಇದೆಯಾ? ಗೇಟಿಗೆ ಹಾಕಿಸುವ ಮೊದಲು ಕೇಳುತ್ತಿದ್ದೇನೆ

ಕುಲಶೇಖರ_ಪಿಂಟೊ:
ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ನಮ್ಮ ಹೊಸ ಮನೆಯ ಕೆಲಸ ಮುಗಿಯುತ್ತಾ ಬಂದಿದೆ. ದುಬೈಯಲ್ಲಿರುವ ಅಣ್ಣ ಒಂದು ಚಿತ್ರ ಕಳಿಸಿದ್ದಾನೆ. ಸರ್‌ನೇಮ್ ಹೇಳಿದರೆ ಕೋಟ್ ಆಫ್ ಆರ್ಮ್ಸ್, ಅಂದರೆ ಗುರಾಣಿಯ ಮೇಲೆ ಬರೆದ ಮನೆತನದ ಗುರುತು, ಕೊಡುವ ಒಂದು ಆನ್‌ಲೈನ್ ಅಂಗಡಿಯಿಂದ ದುಡ್ಡು ಕೊಟ್ಟು ತರಿಸಿದ್ದು. ಬಿಳಿ ಗುರಾಣಿ, ಅದರ ಮೇಲೆ ಐದು ಕೆಂಪು ಅರ್ಧಚಂದ್ರ. ಜೊತೆಗೆ ಒಂದು ಸರ್ಟಿಫಿಕೇಟ್ ಇದೆ. ಬಿಳಿ ಅಂದರೆ ಶಾಂತಿ, ಕೆಂಪು ಅಂದರೆ ಶೌರ್ಯ, ಅರ್ಧಚಂದ್ರ ಅಂದರೆ ರಾಜನಿಂದ ಸಿಕ್ಕ ಗೌರವ ಅಂತ ಅದರಲ್ಲಿ ಬರೆದಿದ್ದಾರೆ. ಇದನ್ನು ಕಬ್ಬಿಣದಲ್ಲಿ ಕತ್ತರಿಸಿ ಗೇಟಿನ ನಡುವೆ ಕೂರಿಸಬೇಕು ಅನ್ನೋದು ಅಣ್ಣನ ಆಸೆ.

ಅಪ್ಪ ಚಿತ್ರ ನೋಡಿ, "ನಮ್ಮ ಹಿರಿಯರು ಗೋವಾದಿಂದ ಬಂದ ಪ್ರಭುಗಳು. ಇದು ಯಾರ ಮನೆಯದು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ನಿಜವಾಗಿ ನಮ್ಮದಾ? ಅರ್ಧಚಂದ್ರಕ್ಕೆ ಆ ಅರ್ಥ ಇದೆಯಾ? ಗೊತ್ತಿರುವವರು ತಿಳಿಸಿ.

ಥೇಮ್ಸ್_ದಂಡೆ:
ಪಿಂಟೊ ಅವರೇ, ವೆಲ್ಡಿಂಗ್‌ಗೆ ಕೊಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಸರ್‌ನೇಮ್‌ಗೆ ಕೋಟ್ ಆಫ್ ಆರ್ಮ್ಸ್ ಇರುವುದಿಲ್ಲ. ಅದು ಇರುವುದು ಒಬ್ಬ ವ್ಯಕ್ತಿಗೆ. ಅವನಿಂದ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬರುತ್ತದೆ. ಅದೇ ಹೆಸರಿನ ಬೇರೆ ಮನೆಯವರಿಗೆ ಬರುವುದಿಲ್ಲ.

ನಾನಿರುವ ಲಂಡನ್‌ನಲ್ಲಿ ಕಾಲೇಜ್ ಆಫ್ ಆರ್ಮ್ಸ್ ಎಂಬ ಕಚೇರಿ ಇದೆ. 1484ರಲ್ಲಿ ಮೂರನೇ ರಿಚರ್ಡ್ ರಾಜ ಸನ್ನದು ಕೊಟ್ಟು ಶುರುಮಾಡಿದ್ದು. ಸೇಂಟ್ ಪಾಲ್ ಕೆಥೆಡ್ರಲ್‌ಗೆ ಹತ್ತಿರ, ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್‌ನಲ್ಲಿ ಕೆಂಪು ಇಟ್ಟಿಗೆಯ ಕಟ್ಟಡ. 1666ರ ದೊಡ್ಡ ಬೆಂಕಿಯಲ್ಲಿ ಹಳೆಯ ಕಟ್ಟಡ ಸುಟ್ಟುಹೋದ ಮೇಲೆ ಅದೇ ಜಾಗದಲ್ಲಿ ಕಟ್ಟಿದ್ದು. ಇವತ್ತಿಗೂ ಅಲ್ಲಿ 13 ಮಂದಿ ಖಾಯಂ ಅಧಿಕಾರಿಗಳಿದ್ದಾರೆ. ಎಲ್ಲರಿಗಿಂತ ಮೇಲೆ ಮೂವರು ಕಿಂಗ್ಸ್ ಆಫ್ ಆರ್ಮ್ಸ್, ಅವರ ಕೆಳಗೆ ಆರು ಹೆರಾಲ್ಡ್‌ಗಳು, ಅವರ ಕೆಳಗೆ ನಾಲ್ವರು ಪರ್ಸಿವೆಂಟ್‌ಗಳು. ಯಾವ ಗುರಾಣಿ ಯಾರದು ಎಂದು ದಾಖಲೆ ಇಡುವುದು, ಹೊಸದಾಗಿ ಕೊಡುವುದು ಇವರ ಕೆಲಸ. ಸರ್‌ನೇಮ್‌ಗೆ ಗುರಾಣಿ ಅನ್ನೋದೇ ಇಲ್ಲ ಎಂದು ಇವರೇ ಸ್ಪಷ್ಟವಾಗಿ ಹೇಳುತ್ತಾರೆ. ಒಂದೇ ಹೆಸರಿನ ಹಲವು ಮನೆಗಳಿಗೆ ಹಲವು ಬೇರೆ ಬೇರೆ ಗುರಾಣಿಗಳಿರಬಹುದು. ಅದೇ ಹೆಸರಿನ ಬಹಳಷ್ಟು ಜನರಿಗೆ ಯಾವುದೂ ಇಲ್ಲದಿರಬಹುದು.

ನಮ್ಮ ಪಹಣಿಯನ್ನೇ ನೆನಪು ಮಾಡಿಕೊಳ್ಳಿ. ಊರಲ್ಲಿ ಹತ್ತು ಜನ ಗೌಡರಿದ್ದರೆ ಒಬ್ಬ ಗೌಡರ ಹೆಸರಿನ ಜಮೀನು ಉಳಿದ ಒಂಬತ್ತು ಜನರದ್ದಾಗುವುದಿಲ್ಲ ಅಲ್ವಾ? ವಾರಸುದಾರಿಕೆ ತೋರಿಸಬೇಕು. ಇಲ್ಲಿಯೂ ಹಾಗೆಯೇ. ಗುರಾಣಿ ಪಡೆದ ಆ ವ್ಯಕ್ತಿಯಿಂದ ನಿಮ್ಮವರೆಗೆ ತಲೆಮಾರು ತಲೆಮಾರಾಗಿ ಕೊಂಡಿ ಸಿಗಬೇಕು.

ಬಾರ್ದೇಸ್_ಮೂಲ:
ಪಿಂಟೊ ಅವರೇ, ನಿಮ್ಮ ಅಪ್ಪ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನಾನೂ ನಮ್ಮ ಕಡೆಯವನೇ. ಮನೆತನದ ಹಳೆಯ ಕಾಗದ ಹುಡುಕುವುದು ನನಗೆ ಹುಚ್ಚು.

ನಮ್ಮ ಪೋರ್ಚುಗೀಸ್ ಹೆಸರುಗಳು ರಕ್ತದಿಂದ ಬಂದದ್ದು ತೀರಾ ಕಡಿಮೆ. ಗೋವಾ 1510ರಲ್ಲಿ ಪೋರ್ಚುಗೀಸರ ಕೈಗೆ ಹೋಯಿತು. ಪಕ್ಕದ ಬಾರ್ದೇಸ್, ಸಾಲ್ಸೆಟ್ ಸೀಮೆಗಳು 1543ರಲ್ಲಿ ಸೇರಿದವು. ಆಮೇಲೆ ಜ್ಞಾನಸ್ನಾನ ಆದವರಿಗೆ, ಅಂದರೆ ಕ್ರೈಸ್ತರಾದವರಿಗೆ, ಹೊಸ ಹೆಸರು ಬಂತು. ಎಷ್ಟೋ ಸಲ ಜ್ಞಾನಸ್ನಾನ ಕೊಟ್ಟ ಪಾದ್ರಿಯ ಹೆಸರು, ಇಲ್ಲವೇ ದೇವತಂದೆಯಾಗಿ ನಿಂತ ಪೋರ್ಚುಗೀಸನ ಹೆಸರು. ಒಂದೇ ಊರಿನ ಬೇರೆ ಬೇರೆ ಮನೆಗಳಿಗೆ ಒಂದೇ ಹೆಸರು ಬಂದದ್ದೂ ಇದೆ, ದಾಯಾದಿಗಳಿಗೆ ಬೇರೆ ಬೇರೆ ಹೆಸರು ಬಂದದ್ದೂ ಇದೆ. ಅದಕ್ಕೇ ಮಂಗಳೂರಿನ ಎಷ್ಟೋ ಕ್ಯಾಥೊಲಿಕ್ ಮನೆಗಳಲ್ಲಿ ಹಳೆಯ ಹೆಸರನ್ನು ಬಾಯಲ್ಲಿ ಉಳಿಸಿಕೊಂಡಿದ್ದಾರೆ. ಪ್ರಭು, ಕಾಮತ್, ಶೆಣೈ, ಪೈ, ನಾಯ್ಕ್. ನಿಮ್ಮ ಅಪ್ಪ ಪ್ರಭು ಎಂದದ್ದು ಅದನ್ನೇ.

ಅಂದಮೇಲೆ ಪೋರ್ಚುಗಲ್‌ನ ಒಬ್ಬ ಪಿಂಟೊ ಸರದಾರನ ಗುರಾಣಿ ನಿಮಗೆ ವಂಶದಿಂದ ಬರುವ ದಾರಿಯೇ ಕಾಣುವುದಿಲ್ಲ. ಹೆಸರು ಬಂತು, ರಕ್ತಸಂಬಂಧ ಬರಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಮ್ಮ ಮನೆತನದ ಕಥೆಯೇ ಬೇರೆ, ಅಷ್ಟೆ. ಅದೇನು ಕಡಿಮೆ ಕಥೆ ಅಲ್ಲ.

ಯುರೋಪಿನ ಗುರಾಣಿಗಳನ್ನು ನಮ್ಮ ಕರಾವಳಿಯಲ್ಲೇ ನೋಡಬೇಕೆಂದರೆ ಹಳೇ ಗೋವಾದ ಸಂತ ಫ್ರಾನ್ಸಿಸ್ ಅಸಿಸ್ಸಿ ಇಗರ್ಜಿಗೆ ಹೋಗಿ. ನೆಲದ ತುಂಬಾ ಗೋರಿಕಲ್ಲುಗಳು, ಅವುಗಳ ಮೇಲೆ ಪೋರ್ಚುಗೀಸ್ ಮನೆತನಗಳ ಗುರಾಣಿಗಳನ್ನು ಕೆತ್ತಿದ್ದಾರೆ. ಕೆಲವು ಕಾಲ್ತುಳಿತಕ್ಕೆ ಸವೆದುಹೋಗಿವೆ. ಆ ಗುರಾಣಿ ಆ ಕಲ್ಲಿನ ಕೆಳಗೆ ಮಲಗಿದವನದ್ದು ಅನ್ನೋದು ಅಲ್ಲಿ ನಿಂತಾಗ ಚೆನ್ನಾಗಿ ಗೊತ್ತಾಗುತ್ತದೆ.

ಕುಲಶೇಖರ_ಪಿಂಟೊ:
ತುಂಬಾ ಉಪಕಾರ. ಹಾಗಾದರೆ ಆ ಐದು ಅರ್ಧಚಂದ್ರ ಎಲ್ಲಿಂದ ಬಂತು? ಅಂಗಡಿಯವರು ಸುಮ್ನೆ ಕಲ್ಪಿಸಿ ಬರೆದದ್ದಾ?

ಥೇಮ್ಸ್_ದಂಡೆ:
ಇಲ್ಲ, ಚಿತ್ರ ನಿಜವಾದದ್ದೇ. ಬೆಳ್ಳಿ ನೆಲದ ಮೇಲೆ ಐದು ಕೆಂಪು ಅರ್ಧಚಂದ್ರ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಇದು ಪೋರ್ಚುಗಲ್‌ನ ಒಂದು ಪಿಂಟೊ ಮನೆತನದ ಗುರಾಣಿ. ಅದನ್ನು ಇವತ್ತು ಕಣ್ಣಾರೆ ನೋಡಬಹುದಾದ ಜಾಗ ಮಾಲ್ಟಾ ದ್ವೀಪ. ಮನುವೆಲ್ ಪಿಂಟೊ ಡ ಫೊನ್ಸೆಕ ಎಂಬ ಪೋರ್ಚುಗೀಸ್ ಸರದಾರ 1741ರಿಂದ 1773ರವರೆಗೆ ಸಂತ ಜಾನ್ ನೈಟ್‌ಗಳು ಎಂಬ ಕ್ರೈಸ್ತ ಸರದಾರರ ಸಂಘದ ಮುಖ್ಯಸ್ಥನಾಗಿ ಅಲ್ಲಿ ಆಳಿದ. ಅಲ್ಲಿನ ರಾಜಧಾನಿ ವಲೆಟ್ಟಾದಲ್ಲಿ ಅವನ ಕಾಲದ ಕಟ್ಟಡಗಳ ಮೇಲೆ, ಫಿರಂಗಿಗಳ ಮೇಲೆ, ನಾಣ್ಯಗಳ ಮೇಲೆ ಈ ಅರ್ಧಚಂದ್ರಗಳಿವೆ.

ಇಂಥ ಅಂಗಡಿಗಳ ಕೆಲಸ ಹೀಗೆ ನಡೆಯುತ್ತದೆ. 19ನೇ ಶತಮಾನದಲ್ಲಿ ಯುರೋಪಿನ ಗುರಾಣಿಗಳ ದೊಡ್ಡ ದೊಡ್ಡ ಪಟ್ಟಿಗಳು ಅಚ್ಚಾದವು. ಆ ಪಟ್ಟಿಯಲ್ಲಿ ನೀವು ಹೇಳಿದ ಹೆಸರಿನ ಎದುರು ಸಿಕ್ಕ ಒಂದು ಗುರಾಣಿಯನ್ನು ತೆಗೆದು ಚಿತ್ರ ಬರೆದು ಕೊಡುತ್ತಾರೆ. ಗುರಾಣಿ ಸುಳ್ಳಲ್ಲ. ಅದು ನಿಮ್ಮದು ಅನ್ನೋದು ಸುಳ್ಳು.

ಒಂದು ಮಾತು. ಎಲ್ಲ ದೇಶದಲ್ಲೂ ಪದ್ಧತಿ ಒಂದೇ ಅಲ್ಲ. ಪೋಲೆಂಡ್‌ನಲ್ಲಿ ಬೇರೆ ಬೇರೆ ಸರ್‌ನೇಮ್‌ನ ಎಷ್ಟೋ ಮನೆತನಗಳು ಒಂದೇ ಗುರಾಣಿಯನ್ನು ಹಂಚಿಕೊಂಡಿದ್ದವು, ಗುರಾಣಿಗೇ ಒಂದು ಹೆಸರಿತ್ತು. 1413ರ ಹೊರೊಡ್ಲೊ ಒಪ್ಪಂದದಲ್ಲಿ 47 ಪೋಲಿಷ್ ಕುಲಗಳು ಲಿಥುವೇನಿಯಾದ ಸರದಾರರನ್ನು ತಮ್ಮ ಗುರಾಣಿಯೊಳಗೆ ಸೇರಿಸಿಕೊಂಡವು. ಸ್ವಿಟ್ಜರ್ಲೆಂಡ್‌ನಲ್ಲಿ ರೈತರೂ ಪೇಟೆಯ ಕಸುಬುದಾರರೂ ತಮ್ಮ ತಮ್ಮ ಗುರಾಣಿ ಇಟ್ಟುಕೊಂಡರು. ಆದರೆ ಅಲ್ಲೂ ಅದು ಆ ಕುಲದ, ಆ ಮನೆಯ ಗುರುತು. ಹೆಸರು ಹೊಂದಿದರೆ ಸಾಕು ಅನ್ನೋ ಪದ್ಧತಿ ಅಲ್ಲೂ ಇಲ್ಲ.

ಬಣ್ಣದ_ಡಬ್ಬಿ:
ಅಕ್ಕಾ, ನಾನು ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಲೋಗೋ ಮಾಡಿಸಲು ಬರುವವರು ನೀಲಿ ಅಂದರೆ ನಿಷ್ಠೆ, ಕಪ್ಪು ಅಂದರೆ ದೃಢತೆ, ಇದು ಹೆರಾಲ್ಡ್ರಿಯಲ್ಲಿ, ಅಂದರೆ ಈ ಗುರಾಣಿಗಳ ಶಾಸ್ತ್ರದಲ್ಲಿ, ಇದೆ ಅಂತ ಪಟ್ಟಿ ಹಿಡಿದು ಬರುತ್ತಾರೆ. ಈ ಅರ್ಥಗಳು ನಿಜವಾ? ಸಿಂಹ ಅಂದರೆ ಶೌರ್ಯ ಅನ್ನೋದಾದರೂ ನಿಜವಾ?

ಥೇಮ್ಸ್_ದಂಡೆ:
ಒಳ್ಳೆಯ ಪ್ರಶ್ನೆ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗುರಾಣಿಯ ಗುರುತುಗಳು 12ನೇ ಶತಮಾನದಲ್ಲಿ ಪಶ್ಚಿಮ ಯುರೋಪಿನಲ್ಲಿ ಶುರುವಾದವು. ಫ್ರಾನ್ಸ್‌ನ ಆಂಜು ಸೀಮೆಯ ಜೆಫ್ರಿಗೆ 1128ರಲ್ಲಿ ಅವನ ಮಾವ, ಇಂಗ್ಲೆಂಡ್‌ನ ಮೊದಲನೇ ಹೆನ್ರಿ, ಚಿನ್ನದ ಸಿಂಹಗಳಿದ್ದ ಗುರಾಣಿ ಕೊಟ್ಟ ಎಂದು ಆಮೇಲೆ ಬಂದ ಒಬ್ಬ ಸನ್ಯಾಸಿ ಬರೆದಿಟ್ಟಿದ್ದಾನೆ. ಲೆ ಮಾನ್ ಊರಿನಲ್ಲಿ ಜೆಫ್ರಿಯ ಗೋರಿಯ ಮೇಲಿದ್ದ ಬಣ್ಣದ ತಾಮ್ರದ ಫಲಕ ಈಗಲೂ ಇದೆ. ಅದರಲ್ಲಿ ಅವನು ನೀಲಿ ನೆಲದ ಮೇಲೆ ಚಿನ್ನದ ಸಿಂಹಗಳಿರುವ ಗುರಾಣಿ ಹಿಡಿದು ನಿಂತಿದ್ದಾನೆ. ಅವನ ಮೊಮ್ಮಗ ವಿಲಿಯಂ ಲಾಂಗೆಸ್ಪೆಯ ಗೋರಿ ಇಂಗ್ಲೆಂಡ್‌ನ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿದೆ. ಅವನ ಗುರಾಣಿಯ ಮೇಲೂ ಅಂಥವೇ ಸಿಂಹಗಳು. ತಾತನ ಗುರುತು ಮೊಮ್ಮಗನ ಕೈಗೆ ಬಂತು. ಹೆರಾಲ್ಡ್ರಿ ಅಂದರೆ ಮೊದಲು ಇದೇ. ಚಿತ್ರ ಯಾರದು, ಯಾರಿಂದ ಯಾರಿಗೆ ಬಂತು.

ಬಣ್ಣಕ್ಕೆ ಗುಣ ಹಚ್ಚುವ ಪಟ್ಟಿಗಳನ್ನು ಮಾಡಿದವರು ಬಹಳ ಮಟ್ಟಿಗೆ ಆಮೇಲಿನ ಲೇಖಕರು. ಒಬ್ಬೊಬ್ಬರು ಒಂದೊಂದು ಬರೆದರು. ನೀಲಿ ನಿಷ್ಠೆ, ಹಸಿರು ಸಂತೋಷ ಅನ್ನೋ ನಿಘಂಟನ್ನು ಕೈಯಲ್ಲಿ ಹಿಡಿದು ಯಾರೂ ಯುದ್ಧಕ್ಕೆ ಹೋಗಲಿಲ್ಲ. ಬಣ್ಣದ ಬಗ್ಗೆ ಇದ್ದ ಗಟ್ಟಿ ನಿಯಮ ಬೇರೆ, ಅದು ನಿನ್ನ ಕೆಲಸಕ್ಕೂ ಉಪಯೋಗ. ಚಿನ್ನ, ಬೆಳ್ಳಿ ಎರಡು ಲೋಹಗಳು. ಅಂದರೆ ಹಳದಿ, ಬಿಳಿ. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ಬಣ್ಣಗಳು. ಲೋಹದ ಮೇಲೆ ಲೋಹ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು. ಕೆಂಪು ನೆಲದ ಮೇಲೆ ನೀಲಿ ಸಿಂಹ ದೂರಕ್ಕೆ ಕಾಣುವುದಿಲ್ಲ, ಚಿನ್ನದ ಸಿಂಹ ಕಾಣುತ್ತದೆ. ಜೆರುಸಲೇಮ್ ರಾಜ್ಯದ ಗುರಾಣಿಯಲ್ಲಿ ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳಿವೆ. ನಿಯಮ ಮೀರಿದ್ದಕ್ಕೇ ಅದು ಅಷ್ಟು ಹೆಸರುವಾಸಿ.

ಚಿತ್ರಗಳ ಅರ್ಥ ಆ ಮನೆಯನ್ನೇ ಕೇಳಿದರೆ ಸಿಗುತ್ತದೆ. ಎಷ್ಟೋ ಗುರಾಣಿಗಳು ಹೆಸರಿನ ಜೊತೆ ಆಟ ಆಡುತ್ತವೆ. 1596ರಲ್ಲಿ ಶೇಕ್ಸ್‌ಪಿಯರ್ ಅವರ ತಂದೆಗೆ ಸಿಕ್ಕ ಗುರಾಣಿಯಲ್ಲಿ ಇರುವುದು ಒಂದು ಈಟಿ, ಇಂಗ್ಲಿಷ್‌ನಲ್ಲಿ ಸ್ಪಿಯರ್. 2011ರಲ್ಲಿ ಬ್ರಿಟನ್‌ನ ರಾಜಕುಮಾರ ವಿಲಿಯಂ ಅವರ ಪತ್ನಿ ಕೇಟ್ ಮಿಡಲ್ಟನ್ ಅವರ ತಂದೆಗೆ ಕೊಟ್ಟ ಗುರಾಣಿಯಲ್ಲಿ ಮೂರು ಓಕ್ ಕಾಯಿಗಳಿವೆ, ಮನೆಯ ಮೂರು ಮಕ್ಕಳಿಗೆ. ನಡುವಿನ ಚಿನ್ನದ ಪಟ್ಟಿ ತಾಯಿಯ ತವರಿನ ಹೆಸರು ಗೋಲ್ಡ್‌ಸ್ಮಿತ್ ಆದ್ದರಿಂದ. ಇನ್ನೊಬ್ಬರ ಗುರಾಣಿಯಲ್ಲಿ ಅದೇ ಓಕ್ ಕಾಯಿಗೆ ಬೇರೆ ಕಾರಣ ಇರುತ್ತದೆ. ಹಾಗಾಗಿ ಸರ್ಟಿಫಿಕೇಟ್‌ನಲ್ಲಿ ಬರೆದ ಅರ್ಥಗಳನ್ನು ನಂಬಬೇಡಿ.

ಇನ್ನೊಂದು ವಿಷಯ ಡಿಸೈನರ್‌ಗೆ ಇಷ್ಟವಾಗಬಹುದು. ಗುರಾಣಿಯ ಮೂಲ ದಾಖಲೆ ಮಾತಿನಲ್ಲಿರುವ ವರ್ಣನೆ. ಬ್ಲೇಜನ್ ಅನ್ನುತ್ತಾರೆ. ನೀಲಿ ನೆಲ, ಚಿನ್ನದ ಸಿಂಹ ಅಂತ ಇದ್ದರೆ ನೀಲಿಯ ಯಾವ ಛಾಯೆ, ಸಿಂಹದ ಕೇಸರ ಹೇಗೆ ಅನ್ನೋದು ಕಲಾವಿದರಿಗೆ ಬಿಟ್ಟದ್ದು. ಐವತ್ತು ಜನ ಐವತ್ತು ರೀತಿ ಬರೆದರೂ ಗುರಾಣಿ ಒಂದೇ.

ಬಳ್ಳಿಗಾವೆ_ಮೇಷ್ಟ್ರು:
ಬಹಳ ಚೆನ್ನಾಗಿ ಬರೆದಿದ್ದೀರಿ ತಾಯಿ. ಚಿತ್ರದ ಅರ್ಥ ಅದರ ಮಾಲೀಕನ ಕಥೆಯಲ್ಲಿದೆ ಅನ್ನೋದಕ್ಕೆ ನಮ್ಮ ಶ್ರೀರಂಗಪಟ್ಟಣಕ್ಕೆ ಸೇರಿದ ಉದಾಹರಣೆ ಒಂದಿದೆ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಆ ದಾಳಿಯ ದಂಡನಾಯಕ ಜಾರ್ಜ್ ಹ್ಯಾರಿಸ್. 1815ರಲ್ಲಿ ಅವನನ್ನು ಇಂಗ್ಲೆಂಡ್‌ನಲ್ಲಿ ಬ್ಯಾರನ್ ಮಾಡಿದರು. ಪದವಿಯ ಹೆಸರಿನಲ್ಲೇ ಶ್ರೀರಂಗಪಟ್ಟಣ ಮತ್ತು ಮೈಸೂರು ಸೇರಿದವು. ಅವನ ಕ್ರೆಸ್ಟ್‌ನಲ್ಲಿ, ಅಂದರೆ ಶಿರಸ್ತ್ರಾಣದ ಮೇಲೆ ನಿಲ್ಲುವ ಗುರುತಿನಲ್ಲಿ, ಎದೆಗೆ ಬಾಣ ನಾಟಿದ ಹುಲಿ ಇದೆ. ಹುಲಿಯ ಹಣೆಯ ಮೇಲೆ ಪರ್ಷಿಯನ್ ಅಕ್ಷರದಲ್ಲಿ ಹೈದರ್ ಎಂದಿದೆ. ಹುಲಿ ಅಂದರೆ ಶೌರ್ಯ ಅಂತ ಪಟ್ಟಿ ನೋಡಿ ಅರ್ಥ ಹೇಳುವವರಿಗೆ ಇಲ್ಲಿ ಏನು ಸಿಗುತ್ತದೆ? ಅಲ್ಲಿರುವುದು ನಮ್ಮ ನೆಲದ ಸೋಲು. ಆ ಮನೆಯವರಿಗೆ ಅದು ಗೆಲುವಿನ ಗುರುತು. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ನಮ್ಮಲ್ಲಿ ಗುರಾಣಿಯ ಪದ್ಧತಿ ಇರಲಿಲ್ಲ. ಆದರೆ ಅರಸು ಮನೆತನಗಳಿಗೆ ಲಾಂಛನ, ಧ್ವಜ ಇದ್ದವು. ಚಾಲುಕ್ಯರ ವರಾಹ, ಕದಂಬರ ಸಿಂಹ, ಗಂಗರ ಆನೆ. ಶಾಸನಗಳಲ್ಲಿ ರಾಜನ ಬಿರುದುಗಳ ಜೊತೆ ಇವನ್ನೂ ಹೇಳುತ್ತಾರೆ. ನಮ್ಮ ಬಳ್ಳಿಗಾವೆಯಲ್ಲಿ 1047ರ ಗಂಡಭೇರುಂಡ ಕಂಬ ಈಗಲೂ ನಿಂತಿದೆ. ಅಚ್ಯುತದೇವರಾಯನ ನಾಣ್ಯಗಳಲ್ಲಿ ಗಂಡಭೇರುಂಡ ಇದೆ. ಆಮೇಲೆ ಮೈಸೂರು ಒಡೆಯರ ಗುರುತಾಯಿತು.

ಯುರೋಪಿನ ಚೌಕಟ್ಟು ಬಂದದ್ದು ಬ್ರಿಟಿಷರ ಕಾಲದಲ್ಲಿ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರಿದಾಗ ಸಂಸ್ಥಾನಿಕರಿಗೆ ಒಂದೊಂದು ಬಾವುಟ ಕೊಟ್ಟರು. ಅದರ ಮೇಲಿನ ಗುರಾಣಿಗಳನ್ನು ಯೋಜಿಸಿದವನು ರಾಬರ್ಟ್ ಟೇಲರ್ ಎಂಬ ಸಿವಿಲ್ ಸರ್ವಿಸ್ ಅಧಿಕಾರಿ. ಈಗ ನಮ್ಮ ಕರ್ನಾಟಕ ಸರ್ಕಾರದ ಮುದ್ರೆಯನ್ನು ಸರಿಯಾಗಿ ನೋಡಿ. ನಡುವೆ ಗುರಾಣಿ, ಅದರೊಳಗೆ ಗಂಡಭೇರುಂಡ. ಎರಡು ಬದಿಯಲ್ಲಿ ಆನೆಯ ಸೊಂಡಿಲಿನ ಸಿಂಹಗಳು ಆತುಕೊಂಡು ನಿಂತಿವೆ. ಮೇಲೆ ಸಾರನಾಥದ ಸಿಂಹಗಳು, ಕೆಳಗೆ ಸತ್ಯಮೇವ ಜಯತೇ. ಗುರಾಣಿ, ಆಧಾರ ಪ್ರಾಣಿಗಳು, ಕ್ರೆಸ್ಟ್, ಧ್ಯೇಯವಾಕ್ಯ. ಜೋಡಣೆ ಯುರೋಪಿನದು, ಒಳಗಿನ ಜೀವಗಳು ನಮ್ಮವು.

ಕಾವೂರು_ಕಿರಣ:
ಎಲ್ಲ ಸರಿ. ಆದರೆ ಪಿಂಟೊ ಅವರ ಗೇಟಿನ ಮೇಲೆ ಐದು ಅರ್ಧಚಂದ್ರ ಇದ್ದರೆ ಯಾರಿಗೆ ನಷ್ಟ? ಪೋರ್ಚುಗಲ್‌ನಲ್ಲಿ 1910ರಲ್ಲೇ ರಾಜರು ಹೋದರು. ನೋಡಲು ಚಂದ ಇದೆ, ಹಾಕಿಕೊಳ್ಳಲಿ ಬಿಡಿ.

ಥೇಮ್ಸ್_ದಂಡೆ:
ಕಿರಣ್ ಅವರೇ, ಮಂಗಳೂರಿನಲ್ಲಿ ಯಾರೂ ಕೇಸು ಹಾಕುವುದಿಲ್ಲ, ಅದು ನಿಜ. ಆದರೆ ಈ ಗುರುತುಗಳನ್ನು ಜನ ಎಷ್ಟು ಗಂಭೀರವಾಗಿ ತೆಗೆದುಕೊಂಡರು ಅನ್ನೋದು ಗೊತ್ತಾದರೆ ಬೇರೆಯವರದ್ದನ್ನು ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ.

1385ರಲ್ಲಿ ಎರಡನೇ ರಿಚರ್ಡ್ ಸ್ಕಾಟ್ಲೆಂಡ್ ಮೇಲೆ ದಂಡೆತ್ತಿ ಹೋದ. ದಂಡಿನಲ್ಲಿ ರಿಚರ್ಡ್ ಸ್ಕ್ರೋಪ್ ಎಂಬ ಸರದಾರನಿಗೆ ಇನ್ನೊಬ್ಬ ಸರದಾರ ತನ್ನದೇ ಗುರಾಣಿ ಹಿಡಿದಿರುವುದು ಕಂಡಿತು. ನೀಲಿ ನೆಲ, ಓರೆಯಾಗಿ ಒಂದು ಚಿನ್ನದ ಪಟ್ಟಿ. ಆ ಇನ್ನೊಬ್ಬ ಚೆಸ್ಟರ್ ಸೀಮೆಯ ರಾಬರ್ಟ್ ಗ್ರೋವ್ನರ್. ಮೊಕದ್ದಮೆ ಶುರುವಾಯಿತು. ನೂರಾರು ಸಾಕ್ಷಿಗಳು ಬಂದರು. ಕವಿ ಜೆಫ್ರಿ ಚಾಸರ್ 1386ರಲ್ಲಿ ಬಂದು ಸಾಕ್ಷಿ ಹೇಳಿದ. ಫ್ರಾನ್ಸ್‌ನ ಯುದ್ಧದಲ್ಲಿ ಸ್ಕ್ರೋಪ್ ಮನೆಯವರು ಈ ಗುರಾಣಿ ಹಿಡಿದದ್ದನ್ನು ನೋಡಿದ್ದೇನೆ ಎಂದ. ಒಮ್ಮೆ ಲಂಡನ್‌ನ ಫ್ರೈಡೇ ಸ್ಟ್ರೀಟ್‌ನಲ್ಲಿ ನಡೆದುಹೋಗುವಾಗ ಒಂದು ಮನೆಯ ಹೊರಗೆ ಇದೇ ಗುರಾಣಿ ತೂಗುತ್ತಿತ್ತು, ಸ್ಕ್ರೋಪ್ ಅವರ ಗುರಾಣಿ ಇಲ್ಲೇಕೆ ಎಂದು ಕೇಳಿದರೆ ಇದು ಗ್ರೋವ್ನರ್ ಎಂಬವರದ್ದು ಎಂದರು, ಆ ಹೆಸರು ನಾನು ಕೇಳಿದ್ದು ಅದೇ ಮೊದಲು ಎಂದೂ ಹೇಳಿದ. ಬೀದಿಯಲ್ಲಿ ಹೋಗುವವರಿಗೆ ಗುರಾಣಿ ನೋಡಿದ ಕೂಡಲೇ ಮನೆ ಯಾರದೆಂದು ಗೊತ್ತಾಗುತ್ತಿತ್ತು, ನೋಡಿ.

1389ರಲ್ಲಿ ತೀರ್ಪು ಸ್ಕ್ರೋಪ್ ಪರ ಬಂತು. ಗ್ರೋವ್ನರ್ ಬೇಕಾದರೆ ಸುತ್ತ ಬೆಳ್ಳಿಯ ಅಂಚು ಹಾಕಿಕೊಂಡು ಬಳಸಲಿ ಎಂದರು. ಮೇಲ್ಮನವಿಯಲ್ಲಿ ರಾಜ ಅದನ್ನೂ ಒಪ್ಪಲಿಲ್ಲ. ಸಂಬಂಧವಿಲ್ಲದವರಿಗೆ ಬರೀ ಒಂದು ಅಂಚಿನ ವ್ಯತ್ಯಾಸ ಸಾಲದು ಅನ್ನೋದು 1390ರ ತೀರ್ಮಾನ. ಗ್ರೋವ್ನರ್ ನೀಲಿ ನೆಲದ ಮೇಲೆ ಒಂದು ಚಿನ್ನದ ಗೋಧಿ ಸಿವುಡು ಇಟ್ಟುಕೊಂಡ. ಆ ಮನೆತನವೇ ಇವತ್ತಿನ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್‌ಗಳು. ಸೋತದ್ದನ್ನು ಆ ಮನೆ ಮರೆಯಲಿಲ್ಲ. ಸುಮಾರು 500 ವರ್ಷದ ಮೇಲೆ, 1880ರಲ್ಲಿ, ಡ್ಯೂಕ್ ಅವರ ಕುದುರೆ ಇಂಗ್ಲೆಂಡ್‌ನ ಡರ್ಬಿ ಕುದುರೆ ಪಂದ್ಯ ಗೆದ್ದಿತು. ಕುದುರೆಯ ಹೆಸರು ಬೆಂಡ್ ಆರ್. ಅಂದರೆ ಆ ಚಿನ್ನದ ಓರೆಪಟ್ಟಿ.

ಇಂಥ ವ್ಯಾಜ್ಯ ಕೇಳುವ ನ್ಯಾಯಾಲಯ ಇಂಗ್ಲೆಂಡ್‌ನಲ್ಲಿ ಇನ್ನೂ ಇದೆ. 1737ರ ನಂತರ ಅದು ಕೂತದ್ದು 1954ರಲ್ಲಿ. ಮ್ಯಾಂಚೆಸ್ಟರ್ ನಗರಸಭೆಯ ಗುರಾಣಿಯನ್ನು ಒಂದು ರಂಗಮಂದಿರ ಬಳಸಿಕೊಂಡಿತ್ತು. ನಗರಸಭೆ ಗೆದ್ದಿತು.

ಗ್ಲಾಸ್ಗೊ_ಗಿರಿ:
ಸ್ಕಾಟ್ಲೆಂಡ್‌ನಲ್ಲಿ ಇನ್ನೂ ಬಿಗಿ. ಎಡಿನ್‌ಬರೊದಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಗೆ ತನ್ನದೇ ನ್ಯಾಯಾಲಯ ಇದೆ. 1672ರ ಕಾಯಿದೆಯ ಪ್ರಕಾರ ಎಲ್ಲ ಗುರಾಣಿಗಳನ್ನು ಅಲ್ಲಿ ದಾಖಲು ಮಾಡಬೇಕು. ದಾಖಲಾಗದ ಗುರಾಣಿ ಬಳಸಿದರೆ ಅಪರಾಧ. ಡೊನಾಲ್ಡ್ ಟ್ರಂಪ್ ಅವರ ಗಾಲ್ಫ್ ಮೈದಾನಕ್ಕೂ ಅಬರ್ಡೀನ್ ಸೀಮೆಯಲ್ಲಿ ಈ ತೊಡಕು ಬಂತು. ಅವರಿಗೆ ಲಾರ್ಡ್ ಲಯನ್ ಕಚೇರಿಯಿಂದ ಬೇರೆಯೇ ಗುರಾಣಿ ಸಿಕ್ಕಿದ್ದು 2012ರಲ್ಲಿ.

ಇಲ್ಲಿನ ಟೂರಿಸ್ಟ್ ಅಂಗಡಿಗಳಲ್ಲಿ ಕ್ಲ್ಯಾನ್ ಬ್ಯಾಡ್ಜ್, ಅಂದರೆ ಕುಲದ ಬಿಲ್ಲೆ, ಸಿಗುತ್ತದೆ. ಸುತ್ತ ಬಕಲ್ ಇರುವ ಬೆಲ್ಟ್, ಒಳಗೆ ಒಂದು ಪ್ರಾಣಿಯೋ ಕೈಯೋ ಇರುತ್ತದೆ. ಒಳಗಿರುವುದು ಕುಲದ ನಾಯಕನ ಕ್ರೆಸ್ಟ್. ಸುತ್ತ ಬೆಲ್ಟ್ ಇರುವುದರ ಅರ್ಥ ಏನೆಂದರೆ, ಹಾಕಿಕೊಂಡವನು ಆ ನಾಯಕನ ಕಡೆಯವನು. ಅದು ಅವನ ಸ್ವಂತದ್ದಲ್ಲ. ಸ್ವಂತಕ್ಕೂ ನಿಷ್ಠೆಗೂ ಒಂದು ಬೆಲ್ಟಿನಲ್ಲಿ ವ್ಯತ್ಯಾಸ ತೋರಿಸಿದ್ದಾರೆ. ನನಗೆ ಇದು ತುಂಬಾ ಇಷ್ಟ.

ಬಾಗಲಕೋಟಿ_ಬಸು:
ಪಿಂಟೊ ಅವರ, ನಾನು ಬೇರೆ ಮಾತು ಹೇಳತೀನಿ. ನಿಮಗೆ ಬೇಕಾಗಿದ್ದು ಮನೆತನದ ಗುರುತು ಅಂದ್ರ ಮೊದಲು ಮನೆತನದ ವಿವರ ಹುಡುಕರಿ. ನಮ್ಮ ಕಡೆ ಹೆಳವರು ಅಂತ ಇದ್ದಾರ. ಎತ್ತಿನ ಮ್ಯಾಲೆ ಊರೂರು ತಿರುಗಿ ಬರತಾರ. ನಮ್ಮ ಮುತ್ತಜ್ಜನ ಅಜ್ಜ ಯಾವ ಊರಿಂದ ಬಂದ, ಎಷ್ಟು ಮಂದಿ ಮಕ್ಕಳು, ಯಾರ ಮನಿಗೆ ಹೆಣ್ಣು ಕೊಟ್ಟರು ಎಲ್ಲಾ ಹಾಡಿನ ಧಾಟಿಯೊಳಗ ಹೇಳತಾರ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನ ಬರಕೊಂಡು ಹೋಗತಾರ. ಕಾಳು, ಬಟ್ಟೆ, ರೊಕ್ಕ ಕೊಟ್ಟು ಕಳಸತೀವಿ. ನಮ್ಮ ಮನಿಗೆ ಹೆಳವರು ಬಂದ ದಿನ ಅಜ್ಜಿ ಹೊಲದ ಕೆಲಸ ಬಿಡಿಸಿ ಎಲ್ಲಾರನ್ನೂ ಕೂಡಿಸತಿದ್ದಳು.

ಥೇಮ್ಸ್_ದಂಡೆ:
ಬಸು ಅವರೇ, ಓದಿ ತುಂಬಾ ಖುಷಿಯಾಯಿತು. ಇಂಗ್ಲೆಂಡ್‌ನ ಹೆರಾಲ್ಡ್‌ಗಳೂ 1530ರಿಂದ 1688ರವರೆಗೆ ಜಿಲ್ಲೆ ಜಿಲ್ಲೆ ಸುತ್ತುತ್ತಿದ್ದರು. ಗುರಾಣಿ ಬಳಸುವವರನ್ನು ಕರೆಸಿ, ನಿನಗೆ ಇದು ಹೇಗೆ ಬಂತು, ಅಪ್ಪ ಯಾರು, ಅಜ್ಜ ಯಾರು ಎಂದು ಕೇಳಿ ವಂಶಾವಳಿ ಬರೆದುಕೊಳ್ಳುತ್ತಿದ್ದರು. ಹಕ್ಕಿಲ್ಲದವರ ಗುರಾಣಿಯನ್ನು ಅಳಿಸಿಹಾಕುತ್ತಿದ್ದರು. ಆ ಪುಸ್ತಕಗಳು ಈಗಲೂ ವಂಶದ ಇತಿಹಾಸ ಹುಡುಕುವವರಿಗೆ ದೊಡ್ಡ ಆಧಾರ.

ಬಾರ್ದೇಸ್_ಮೂಲ:
ಹೌದು. ನಮ್ಮವರಿಗೆ ಹೆಳವರಿಲ್ಲ, ಆದರೆ ಚರ್ಚ್‌ಗಳ ಜ್ಞಾನಸ್ನಾನದ ಮತ್ತು ಮದುವೆಯ ದಾಖಲೆ ಪುಸ್ತಕಗಳಿವೆ. ಪಿಂಟೊ ಅವರೇ, ನಿಮ್ಮ ಅಜ್ಜನ ಚರ್ಚ್‌ನಿಂದ ಶುರುಮಾಡಿ. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನಮ್ಮ ಚರ್ಚ್‌ಗಳು ಉರುಳಿದವು, ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅದಕ್ಕಿಂತ ಹಿಂದಕ್ಕೆ ಹೋಗುವುದು ಕಷ್ಟ. ಆದರೆ 19ನೇ ಶತಮಾನದವರೆಗೆ ತಲುಪಿದರೂ ಸಾಕಷ್ಟು ಸಿಗುತ್ತದೆ. ಅಜ್ಜಂದಿರ ಕಸುಬು, ಹಳೆಯ ಊರು ಎಲ್ಲವನ್ನೂ ಮನೆಯ ಹಿರಿಯರಿಂದ ಈಗಲೇ ಕೇಳಿ ಬರೆದಿಡಿ.

ಕುಲಶೇಖರ_ಪಿಂಟೊ:
ಎಲ್ಲರ ಉತ್ತರಗಳನ್ನು ಅಣ್ಣನಿಗೂ ಅಪ್ಪನಿಗೂ ಓದಿ ಹೇಳಿದೆ. ಅರ್ಧಚಂದ್ರದ ಗುರಾಣಿ ಬೇಡ ಎಂದು ಮೂವರೂ ಒಪ್ಪಿದೆವು. ಆದರೆ ಗೇಟಿಗೆ ಒಂದು ಗುರುತು ಬೇಕು ಅನ್ನೋ ಆಸೆ ಹೋಗಿಲ್ಲ. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಅಜ್ಜಿಯ ತಂದೆ ಬಂದರಿನಲ್ಲಿ ಹಂಚು ತುಂಬಿದ ಮಂಜಿಗಳಲ್ಲಿ, ಅಂದರೆ ಸರಕಿನ ಹಾಯಿಹಡಗುಗಳಲ್ಲಿ, ಹೋಗುತ್ತಿದ್ದರು. ನಾವೇ ಹೊಸದಾಗಿ ಒಂದು ಗುರಾಣಿ ಮಾಡಿಕೊಳ್ಳಬಹುದಾ? ಅದು ತಪ್ಪಾಗುತ್ತದಾ?

ಥೇಮ್ಸ್_ದಂಡೆ:
ಖಂಡಿತ ಮಾಡಿಕೊಳ್ಳಿ! ಹೆರಾಲ್ಡ್ರಿ ಶುರುವಾದದ್ದೇ ಹಾಗೆ. ಮೊದಮೊದಲು ಸರದಾರರು ತಮ್ಮ ಗುರಾಣಿಯನ್ನು ತಾವೇ ಆರಿಸಿಕೊಂಡರು, ಕಚೇರಿಗಳು ಆಮೇಲೆ ಬಂದವು. ಭಾರತದಲ್ಲಿ ಗುರಾಣಿ ಕೊಡುವ ಕಚೇರಿ ಇಲ್ಲ. ನೀವು ಮಾಡಿಕೊಂಡದ್ದು ಬೇರೆ ಯಾರದ್ದನ್ನೂ ಹೋಲಬಾರದು, ಅಷ್ಟೆ. ಅಶೋಕನ ಸಿಂಹಗಳನ್ನು ಮಾತ್ರ ಮುಟ್ಟಬೇಡಿ. ರಾಷ್ಟ್ರಲಾಂಛನದ ದುರ್ಬಳಕೆ ತಡೆಯಲು 2005ರ ಕಾಯಿದೆ ಇದೆ. ಸರ್ಕಾರದ ಗಂಡಭೇರುಂಡ ಮುದ್ರೆಯ ಹತ್ತಿರವೂ ಹೋಗಬೇಡಿ.

ಹೊಸ ಗುರಾಣಿಗೆ ಬೆಲೆ ಕಡಿಮೆ ಎಂದುಕೊಳ್ಳಬೇಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರ ಕ್ರೆಸ್ಟ್‌ನಲ್ಲಿ ಲಿವರ್‌ಪೂಲ್ ಊರಿನ ಲಿವರ್ ಹಕ್ಕಿ ಗಿಟಾರ್ ಹಿಡಿದಿದೆ. ಹುಟ್ಟೂರು ಮತ್ತು ಕಸುಬು, ಎರಡೂ ಬಂತು. ಸರಳವಾಗಿರಲಿ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ಮನೆತನದ ಗುರಾಣಿಯಲ್ಲಿ ಇರುವುದು ಬಿಳಿ ನೆಲದ ಮೇಲೆ ಎರಡು ಕೆಂಪು ಅಡ್ಡಪಟ್ಟಿ, ಮೇಲೆ ಮೂರು ಕೆಂಪು ನಕ್ಷತ್ರ. 1938ರಲ್ಲಿ ಅದೇ ವಾಷಿಂಗ್ಟನ್ ನಗರದ ಬಾವುಟವಾಯಿತು. ಮಗುವೂ ಬರೆಯಬಹುದಾದಷ್ಟು ಸುಲಭ.

ನಿಮ್ಮದಕ್ಕೆ ನನ್ನ ಸಲಹೆ: ಬೆಳ್ಳಿ ನೆಲ. ಮೇಲೆ ಎರಡು ಕೆಂಪು ಹಂಚು, ನಡುವೆ ಒಂದು ಕಪ್ಪು ಮಂಜಿ, ಕೆಳಗೆ ಅಲೆಅಲೆಯಾದ ಎರಡು ನೀಲಿ ಪಟ್ಟಿ. ಅಲೆಯ ಪಟ್ಟಿ ನೀರಿಗೆ ಹಾಕುವ ಹಳೆಯ ಕ್ರಮ. ಎಲ್ಲವೂ ಲೋಹದ ಮೇಲೆ ಬಣ್ಣ, ನಿಯಮಕ್ಕೂ ಸರಿಯಾಯಿತು. ಈ ವರ್ಣನೆಯನ್ನು ಒಂದು ಕಾಗದದಲ್ಲಿ ಬರೆದು, ಯಾರಿಂದ ಶುರು ಎಂದು ಅಜ್ಜನ ಹೆಸರು ಹಾಕಿ, ತಾರೀಖು ಹಾಕಿ, ಅಪ್ಪನ ಸಹಿ ಮಾಡಿಸಿ ಇಟ್ಟುಕೊಳ್ಳಿ.

ಬಣ್ಣದ_ಡಬ್ಬಿ:
ಪಿಂಟೊ ಅವರೇ, ಚಿತ್ರ ನಾನು ಬರೆದುಕೊಡುತ್ತೇನೆ, ದುಡ್ಡು ಬೇಡ. ಅಕ್ಕಾ, ಎರಡು ಪ್ರಶ್ನೆ. ಮಂಜಿಯ ಮುಂಭಾಗ ಯಾವ ಕಡೆಗಿರಬೇಕು? ಗೇಟ್ ಬರೀ ಕಬ್ಬಿಣ, ಒಂದೇ ಕಪ್ಪು ಪೇಂಟ್. ಕೆಂಪು, ನೀಲಿ ತೋರಿಸುವುದು ಹೇಗೆ?

ಥೇಮ್ಸ್_ದಂಡೆ:
ಗುರಾಣಿಯ ಎಡ ಬಲವನ್ನು ಅದನ್ನು ಹಿಡಿದವನ ಕಡೆಯಿಂದ ಹೇಳುತ್ತಾರೆ. ಪ್ರಾಣಿ, ಹಡಗು ಎಲ್ಲ ಸಾಮಾನ್ಯವಾಗಿ ಹಿಡಿದವನ ಬಲಕ್ಕೆ ಮುಖ ಮಾಡುತ್ತವೆ. ಅಂದರೆ ರಸ್ತೆಯಲ್ಲಿ ನಿಂತು ನೋಡುವವರಿಗೆ ಎಡಕ್ಕೆ. ಕತ್ತರಿಸಿದ ಕಬ್ಬಿಣ ಆದ್ದರಿಂದ ಮನೆಯೊಳಗಿಂದ ನೋಡಿದರೆ ತಿರುಗಿ ಕಾಣುತ್ತದೆ, ಪರವಾಗಿಲ್ಲ. ರಸ್ತೆ ಕಡೆಯದ್ದೇ ಲೆಕ್ಕ.

ಬಣ್ಣವಿಲ್ಲದೆ ಬಣ್ಣ ತೋರಿಸಲು ಒಂದು ಪದ್ಧತಿ ಇದೆ. 1638ರಲ್ಲಿ ಪೆತ್ರ ಸಾಂಕ್ತ ಎಂಬ ಇಟಲಿಯ ಜೆಸುಯಿಟ್ ಪಾದ್ರಿಯ ಪುಸ್ತಕದಿಂದ ಅದು ಎಲ್ಲ ಕಡೆ ಹರಡಿತು. ಮೇಲಿಂದ ಕೆಳಕ್ಕೆ ಎಳೆದ ಉದ್ದ ಗೀರುಗಳು ಕೆಂಪು, ಅಡ್ಡ ಗೀರುಗಳು ನೀಲಿ, ಚುಕ್ಕೆಗಳು ಚಿನ್ನ, ಅಡ್ಡ ಉದ್ದ ಎರಡೂ ಗೀರು ಕೂಡಿದರೆ ಕಪ್ಪು, ಖಾಲಿ ಬಿಟ್ಟರೆ ಬೆಳ್ಳಿ. ಹಂಚುಗಳ ಮೇಲೆ ಉದ್ದ ಗೀರು ಹಾಕು. ಅಲೆಯ ಪಟ್ಟಿಗಳ ಮೇಲೆ ಅಡ್ಡ ಗೀರು. ಮಂಜಿಯ ಮೈಮೇಲೆ ಎರಡೂ. ವೆಲ್ಡಿಂಗ್‌ನವರಿಗೆ ಗೀರುಗಳ ನಡುವೆ ಸಾಕಷ್ಟು ಜಾಗ ಬಿಡಲು ಹೇಳು, ಇಲ್ಲದಿದ್ದರೆ ಮಂಗಳೂರಿನ ಮಳೆಗೆ ತುಕ್ಕು ಹಿಡಿದು ಮುಚ್ಚಿಹೋಗುತ್ತದೆ.